ತುದಿಯಿಂದ ಸಾಯುವ ಮರ: ಸುಂದರಬನದ ಸುಂದರಿಯ ಪ್ರಕರಣ

ಬಾಂಗ್ಲಾದೇಶದ ಖುಲ್ನಾದಿಂದ ದಕ್ಷಿಣಕ್ಕೆ ದೋಣಿಯಲ್ಲಿ ಹೋಗುವವರಿಗೆ ಕಾಡಿನ ಅಂಚಿನಲ್ಲಿ ಅಲ್ಲಲ್ಲಿ ಅರೆಜೀವದ ಮರಗಳು ಕಾಣಸಿಗುತ್ತವೆ. ಬುಡ ಗಟ್ಟಿಯಾಗಿದೆ, ಕಾಂಡ ನೆಟ್ಟಗಿದೆ, ನಡುಗೊಂಬೆಗಳಲ್ಲಿ ಹಸಿರೂ ಇದೆ. ನೆತ್ತಿ ಮಾತ್ರ ಬೋಳು. ಎಲೆ ಉದುರಿಸಿಕೊಂಡ ಬೂದು ಕಡ್ಡಿಗಳು ಆಕಾಶಕ್ಕೆ ಚುಚ್ಚಿಕೊಂಡು ನಿಂತಿರುತ್ತವೆ. ಕೆಲವು ವರ್ಷ ಬಿಟ್ಟು ನೋಡಿದರೆ ಆ ಬೋಳು ಇನ್ನಷ್ಟು ಕೆಳಗಿಳಿದಿರುತ್ತದೆ. ಬಂಗಾಳಿಗಳು ಇದನ್ನು ‘ಆಗಾ ಮರಾ’ ಎನ್ನುತ್ತಾರೆ. ಆಗಾ ಎಂದರೆ ತುದಿ, ಮರಾ ಎಂದರೆ ಸತ್ತದ್ದು. ಬರೆದರೆ ನಮ್ಮ ಮರದಂತೆಯೇ ಕಾಣುವ ಪದ ಅಲ್ಲಿ ಸಾವಿನ ಪದವಾಗಿರುವುದು ಕನ್ನಡದ ಕಣ್ಣಿಗೆ ಕೊಂಚ ಕಸಿವಿಸಿ ಉಂಟುಮಾಡುತ್ತದೆ.

ಹೀಗೆ ಒಣಗುತ್ತಿರುವ ಮರ ಸುಂದರಿ. ಸುಂದರಬನಕ್ಕೆ ಆ ಹೆಸರು ಬಂದದ್ದು ಈ ಮರದಿಂದಲೇ ಎಂದು ಹೆಚ್ಚಿನವರು ಒಪ್ಪುತ್ತಾರೆ. ದಿನಕ್ಕೆ ಎರಡು ಬಾರಿ ಸಮುದ್ರ ಒಳನುಗ್ಗುವ ನೆಲದಲ್ಲಿ ನಿಂತು, ಕಾಲಕೆಳಗೆ ಸದಾ ನೀರಿದ್ದೂ, ಈ ಮರ ನೀರಡಿಸಿ ಸಾಯುತ್ತಿದೆ. ಇದಕ್ಕೆ ಗಂಗೆಗೆ ಅಡ್ಡಲಾಗಿ ಭಾರತ ಕಟ್ಟಿದ ಫರಕ್ಕಾ ಬ್ಯಾರೇಜೇ ಕಾರಣ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವವರು ಬಹಳ ಮಂದಿ. ಆ ಸಾಲನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಡತ ಬಿಡಿಸಿದರೆ ಆರೋಪಿಗಳ ಪಟ್ಟಿ ಉದ್ದವಿದೆ, ಅವರಲ್ಲಿ ಕೆಲವರು ಫರಕ್ಕಾಕ್ಕಿಂತ ನೂರಾರು ವರ್ಷ ಹಿರಿಯರು.

ಬಾಗಿಲಲ್ಲೇ ಉಪ್ಪು ತಡೆಯುವ ಮರ

ಸುಂದರಿಯ ಶಾಸ್ತ್ರೀಯ ಹೆಸರು ಹೆರಿಟಿಯೆರಾ ಫೋಮಿಸ್. ದಾಸವಾಳ, ಹತ್ತಿಗಳ ಕುಟುಂಬಕ್ಕೆ ಸೇರಿದ್ದು. ಅನುಕೂಲವಾದ ನೆಲ ಸಿಕ್ಕಲ್ಲಿ 25 ಮೀಟರ್‌ವರೆಗೂ ಬೆಳೆಯುತ್ತದೆ. ಎಲೆಯ ಮೇಲ್ಮೈ ಗಾಢ ಹಸಿರು, ಕೆಳಮೈ ಬೆಳ್ಳಿಯ ಹೊಳಪು. ಗಾಳಿ ಬೀಸಿದಾಗ ಇಡೀ ಮರ ಬಣ್ಣ ಬದಲಿಸಿದಂತೆ ತೋರುತ್ತದೆ. ಹೂವು ಪುಟ್ಟ ಗಂಟೆಯಾಕಾರದ್ದು. ಕೆಂಪುಗಪ್ಪಿನ ಚೇಗು ಎಷ್ಟು ಭಾರವೆಂದರೆ ಹಸಿ ದಿಮ್ಮಿ ನೀರಿನಲ್ಲಿ ಮುಳುಗುತ್ತದೆ. ದೋಣಿಗೆ, ಮನೆಯ ಕಂಬಕ್ಕೆ, ಸೌದೆಗೆ ಇದೇ ಬೇಕೆಂದು ತಲೆಮಾರುಗಳಿಂದ ಕಡಿದದ್ದು ಈ ಗುಣಕ್ಕಾಗಿಯೇ. ಕಾಡಿಗೆ ಹೋಗಿ ಮರ ಕಡಿದು ತರುವವರಿಗೆ ಅಲ್ಲಿ ‘ಬಾವಾಲಿ’ ಎಂಬ ಪ್ರತ್ಯೇಕ ಹೆಸರೇ ಇದೆ.

ಕೆಸರಿನೊಳಗೆ ಗಾಳಿಯಿಲ್ಲ. ಆದ್ದರಿಂದ ಬೇರುಗಳು ಉಸಿರಾಡಲು ಗೂಟದಂತಹ ಕವಲುಗಳನ್ನು ನೆಲದಿಂದ ಮೇಲಕ್ಕೆ ಕಳಿಸುತ್ತವೆ. ಸ್ಥಳೀಯರು ಅವನ್ನು ‘ಶುಲೋ’ ಎನ್ನುತ್ತಾರೆ. ಬರಿಗಾಲಿನಲ್ಲಿ ಆ ಕಾಡಿನೊಳಗೆ ನಡೆದವರಿಗೆ ಅದು ಶೂಲದಿಂದ ಬಂದ ಪದವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಉಸಿರುಬೇರುಗಳನ್ನು ನೆನಪಿಟ್ಟುಕೊಳ್ಳಿ, ಅವು ಮುಂದೆ ಮತ್ತೆ ಸಾಕ್ಷಿಗೆ ಬರುತ್ತವೆ.

ಕಾಂಡ್ಲಾ (ಮ್ಯಾಂಗ್ರೋವ್) ಮರಗಳೆಲ್ಲವೂ ಉಪ್ಪಿನ ಜೊತೆ ಬದುಕುತ್ತವೆ, ಆದರೆ ಒಂದೊಂದರದು ಒಂದೊಂದು ಹಿಕಮತ್ತು. ಅವಿಸೀನಿಯಾ ಜಾತಿಯವು ಸ್ವಲ್ಪ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳ ಮೂಲಕ ಹೊರಗೆ ಹಾಕುತ್ತವೆ; ಬಿಸಿಲು ಏರಿದಾಗ ಅವುಗಳ ಎಲೆಯ ಮೇಲೆ ಉಪ್ಪಿನ ಹರಳು ಮಿನುಗುವುದನ್ನು ಕಾಣಬಹುದು. ಸುಂದರಿಗೆ ಆ ಗ್ರಂಥಿಗಳಿಲ್ಲ. ಅದು ಬೇರಿನ ಬಾಗಿಲಲ್ಲೇ ಉಪ್ಪನ್ನು ತಡೆದು ನೀರನ್ನು ಮಾತ್ರ ಎಳೆದುಕೊಳ್ಳುತ್ತದೆ. ಮಣ್ಣಿನಲ್ಲಿ ಉಪ್ಪು ಕಡಿಮೆ ಇದ್ದಾಗ ಈ ವ್ಯವಸ್ಥೆ ಸಲೀಸು. ಉಪ್ಪು ಹೆಚ್ಚಿದಂತೆಲ್ಲ ಅದೇ ಒಂದು ಗುಟುಕು ನೀರಿಗಾಗಿ ಮರ ಹೆಚ್ಚು ಹೆಚ್ಚು ಜಗ್ಗಬೇಕು. ಬಹುಮಹಡಿ ಕಟ್ಟಡದಲ್ಲಿ ಒತ್ತಡ ಕುಸಿದರೆ ಮೊದಲು ಒಣಗುವುದು ಮೇಲಿನ ಮಹಡಿಯ ನಲ್ಲಿ. ಬೇರಿನಿಂದ ಅತಿ ದೂರದಲ್ಲಿರುವ ನೆತ್ತಿಯ ರೆಂಬೆ ಮೊದಲು ಎಲೆ ಕಳೆದುಕೊಳ್ಳುವುದೂ ಈ ಲೆಕ್ಕಕ್ಕೆ ಹೊಂದುತ್ತದೆ.

ಸುಂದರಿ ಎಲ್ಲೆಲ್ಲಿ ಬೆಳೆಯುತ್ತದೆ ಎಂಬುದೂ ಇದನ್ನೇ ಹೇಳುತ್ತದೆ. ಗಂಗೆಯ ಮುಖಜಭೂಮಿ, ಮ್ಯಾನ್ಮಾರಿನ ಇರಾವತಿಯ ಮುಖಜಭೂಮಿ, ಒಡಿಶಾದಲ್ಲಿ ಬ್ರಾಹ್ಮಣಿ ಮತ್ತು ಬೈತರಣಿ ಸಮುದ್ರ ಸೇರುವ ಭಿತರಕನಿಕಾ. ಎಲ್ಲವೂ ಸಿಹಿನೀರು ಧಾರಾಳವಾಗಿ ಬರುವ ಜಾಗಗಳು. ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಕಾಂಡ್ಲಾ ಬಗೆಗಳು ಹಲವಿದ್ದರೂ ಈ ಮರ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2010ರ ಮೌಲ್ಯಮಾಪನದಲ್ಲಿ ಇದನ್ನು ಅಳಿವಿನಂಚಿನ ಜಾತಿ ಎಂದು ಗುರುತಿಸಿತು.

ಸುಂದರಬನ ಸುಮಾರು 10,000 ಚದರ ಕಿ.ಮೀ. ವಿಸ್ತಾರದ ಕಾಡು, ಅದರಲ್ಲಿ ಹೆಚ್ಚುಕಡಿಮೆ ಐದನೇ ಮೂರು ಪಾಲು ಬಾಂಗ್ಲಾದೇಶದಲ್ಲಿದೆ. ನಕ್ಷೆಯಲ್ಲಿ ಒಂದೇ ಹಸಿರು ಬಣ್ಣ ಬಳಿದರೂ ಒಳಗೆ ಅದು ಒಂದೇ ಕಾಡಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಈಶಾನ್ಯ ಮೂಲೆಯ ನದಿಗಳಲ್ಲಿ ಮಳೆಗಾಲದಲ್ಲಿ ನೀರು ಬಹುಪಾಲು ಸಿಹಿಯೇ ಆಗಿಬಿಡುತ್ತದೆ. ನೈಋತ್ಯಕ್ಕೆ ಹೋದಂತೆ ಉಪ್ಪು ಏರುತ್ತಾ ಬೇಸಿಗೆಯಲ್ಲಿ ಸಮುದ್ರದ ಸಮೀಪಕ್ಕೆ ಬರುತ್ತದೆ. ಪೂರ್ವದಲ್ಲಿ ಬಲೇಶ್ವರ ನದಿಯ ಕಡೆ ಸುಂದರಿ ಎತ್ತರವಾಗಿ, ದಟ್ಟವಾಗಿ ಬೆಳೆಯುತ್ತದೆ. ನಡುವೆ ಗೇವಾ ಎಂಬ ಹಾಲುಸೊನೆಯ ಮರದೊಡನೆ ಜಾಗ ಹಂಚಿಕೊಳ್ಳುತ್ತದೆ. ಪಶ್ಚಿಮಕ್ಕೆ ಬಂದರೆ ಗೇವಾ ಮತ್ತು ಗೊರಾನ್‌ಗಳದೇ ರಾಜ್ಯ. ಸುಂದರಿ ಕುಳ್ಳಾಗಿ, ವಿರಳವಾಗಿ, ಅತಿಥಿಯಂತೆ ಉಳಿದಿದೆ.

ಫರಕ್ಕಾಕ್ಕಿಂತ ಹಿಂದೆ

ಪಶ್ಚಿಮದ ಈ ಸ್ಥಿತಿ ಇಡೀ ಪ್ರಕರಣದ ಅತ್ಯುತ್ತಮ ಸಾಕ್ಷಿ ಎಂದು ನನಗನ್ನಿಸುತ್ತದೆ. ಭಾರತದ ಪಾಲಿಗೆ ಬಂದ ಸುಂದರಬನದಲ್ಲಿ ಸುಂದರಿ ಅಪರೂಪ. ಹೆಸರು ಕೊಟ್ಟ ಮರವೇ ಅಲ್ಲಿ ಹುಡುಕಿ ನೋಡಬೇಕಾದ ವಸ್ತು. ಇದನ್ನು ಯಾವ ಎಂಜಿನಿಯರೂ ಮಾಡಿದ್ದಲ್ಲ. ಗಂಗೆಯ ಮುಖ್ಯ ಹರಿವು ಒಂದು ಕಾಲಕ್ಕೆ ಭಾಗೀರಥಿ-ಹೂಗ್ಲಿಯ ದಾರಿ ಹಿಡಿದು ಸಮುದ್ರ ಸೇರುತ್ತಿತ್ತು. ಹದಿನಾರನೆಯ ಶತಮಾನದ ಆಸುಪಾಸಿನಿಂದ ಅದು ಪೂರ್ವಕ್ಕೆ ಹೊರಳಿ ಪದ್ಮಾ ನದಿಯ ಪಾತ್ರವನ್ನು ಹಿಡಿಯಿತು. ಬಂಗಾಳದ ತಳಪದರ ಪೂರ್ವಕ್ಕೆ ವಾಲಿರುವುದೂ ಇದಕ್ಕೆ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನದಿ ಮಗ್ಗುಲು ಬದಲಿಸಿದ ಮೇಲೆ ಪಶ್ಚಿಮದ ಕವಲುಗಳು ಒಂದೊಂದಾಗಿ ತಲೆ ಕಳೆದುಕೊಂಡವು. ಮಾತ್ಲಾ ನದಿಯನ್ನು ನೋಡಿ: ಅಗಲ ನೋಡಿದರೆ ಮಹಾನದಿ, ಮೂಲ ಹುಡುಕಿದರೆ ಸಿಹಿನೀರಿನ ಸೆಲೆಯೇ ಇಲ್ಲ. ಸಮುದ್ರ ಒಳಗೆ ಬಂದು ಹೊರಗೆ ಹೋಗುವ ಓಣಿ ಅದು.

ಅಂದರೆ ಸಿಹಿನೀರು ತಪ್ಪಿದರೆ ಸುಂದರಿಯ ಕಾಡಿಗೆ ಏನಾಗುತ್ತದೆ ಎಂಬ ಪ್ರಯೋಗವನ್ನು ನದಿಯೇ ಪಶ್ಚಿಮದಲ್ಲಿ ಮೊದಲು ಮಾಡಿ ತೋರಿಸಿತ್ತು. ಅದಕ್ಕೆ ಶತಮಾನಗಳು ಹಿಡಿದವು. ಆ ನಿಧಾನದಲ್ಲಿ ಒಂದು ಜಾತಿ ಹಿಂದೆ ಸರಿದು ಇನ್ನೊಂದು ಬರಲು ಕಾಲಾವಕಾಶವಿತ್ತು.

ಪೂರ್ವದಲ್ಲಿ ಆ ಅವಕಾಶ ಸಿಗಲಿಲ್ಲ. ಬಾಂಗ್ಲಾದೇಶದ ಸುಂದರಬನಕ್ಕೆ ಗಂಗೆಯ ನೀರು ತಲುಪಿಸುವ ಮುಖ್ಯ ಕವಲು ಗೊರಾಯ್. ಕುಷ್ಟಿಯಾ ಬಳಿ ಅದು ಗಂಗೆಯಿಂದ ಕವಲೊಡೆದು, ಕೆಳಗೆ ಮಧುಮತಿಯಾಗಿ, ಮತ್ತೆ ಹಲವು ಕವಲಾಗಿ ಕಾಡನ್ನು ಮುಟ್ಟುತ್ತದೆ. ಆ ಕವಲಿನ ಬಾಯಿಗಿಂತ ಮೇಲೆ, ಗಡಿಯಿಂದ ಸುಮಾರು 18 ಕಿ.ಮೀ. ಈಚೆಗೆ ಭಾರತದೊಳಗೆ, 1975ರ ಏಪ್ರಿಲ್‌ನಲ್ಲಿ ಫರಕ್ಕಾ ಬ್ಯಾರೇಜ್ ಕೆಲಸ ಆರಂಭಿಸಿತು. ಉದ್ದೇಶ ನೀರಾವರಿಯೂ ಅಲ್ಲ, ವಿದ್ಯುತ್ತೂ ಅಲ್ಲ. ಹೂಗ್ಲಿಗೆ ನೀರು ಹಾಯಿಸಿ ಕೋಲ್ಕತ್ತಾ ಬಂದರಿನ ಹೂಳನ್ನು ತೊಳೆಯುವುದು. 40,000 ಕ್ಯೂಸೆಕ್ ಸಾಗಿಸಬಲ್ಲ ಕಾಲುವೆಯನ್ನು ಅದಕ್ಕಾಗಿ ತೋಡಲಾಗಿತ್ತು. ಪಶ್ಚಿಮ ಬಂಗಾಳದ ಎಂಜಿನಿಯರ್ ಕಪಿಲ್ ಭಟ್ಟಾಚಾರ್ಯ ಈ ಯೋಜನೆಯಿಂದ ಬಂದರಿನ ಹೂಳು ಹೋಗದು ಎಂದು ಮೊದಲೇ ವಾದಿಸಿದ್ದರು. ಆ ಕಾಲದಲ್ಲಿ ಅವರ ಮಾತಿಗೆ ಬೆಲೆ ಸಿಗಲಿಲ್ಲ.

ಮಳೆಗಾಲದಲ್ಲಿ ಫರಕ್ಕಾ ಇದ್ದೂ ಇಲ್ಲದಂತೆ. ಗಂಗೆ ಉಕ್ಕುವಾಗ 40,000 ಕ್ಯೂಸೆಕ್ ದೊಡ್ಡ ಮಾತೇನಲ್ಲ. ಕುತ್ತು ಬರುವುದು ಜನವರಿಯಿಂದ ಮೇವರೆಗೆ. ಹರಿವು ಇಳಿದಾಗ ಗೊರಾಯ್‌ನ ಬಾಯಿಗೆ ನೀರು ಏರುವುದಿಲ್ಲ, ಬಾಯಿಯಲ್ಲಿ ಮರಳು ಕೂರುತ್ತದೆ, ಮರಳು ಕೂತ ಮೇಲೆ ಮುಂದಿನ ಬೇಸಿಗೆಯಲ್ಲಿ ಇನ್ನೂ ಎತ್ತರದ ನೀರು ಬೇಕಾಗುತ್ತದೆ. ನದಿಗೆ ಗಂಟಲು ಕಟ್ಟುವ ರೋಗ. 1980ರ ದಶಕದ ಕೊನೆಯ ಹೊತ್ತಿಗೆ ಗೊರಾಯ್ ಬೇಸಿಗೆಯಲ್ಲಿ ಗಂಗೆಯಿಂದ ಪೂರ್ತಿ ಕಡಿದುಹೋಗತೊಡಗಿತು. ಮೇಲಿನಿಂದ ಸಿಹಿನೀರು ತಳ್ಳದಿದ್ದರೆ ಕೆಳಗಿನಿಂದ ಉಪ್ಪುನೀರು ಏರುತ್ತದೆ. ಅದು ಮಣ್ಣಿಗಿಳಿದು ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಗಟ್ಟಿಯಾಗುತ್ತದೆ.

ಆಗ ನೀರು ಹಂಚಿಕೆಯ ಸ್ಥಿತಿ ಹೇಗಿತ್ತು? 1977ರಲ್ಲಿ ಐದು ವರ್ಷದ ಒಪ್ಪಂದ, ಆಮೇಲೆ 1982 ಮತ್ತು 1985ರಲ್ಲಿ ತಿಳಿವಳಿಕೆ ಪತ್ರಗಳು, 1988ರಿಂದ 1996ರವರೆಗೆ ಏನೂ ಇಲ್ಲ. ಗೊರಾಯ್ ಬತ್ತಿದ ವರ್ಷಗಳೂ ಒಪ್ಪಂದವಿಲ್ಲದ ವರ್ಷಗಳೂ ಒಂದರ ಮೇಲೊಂದು ಕೂರುತ್ತವೆ. ಉತ್ತರ ಪ್ರದೇಶ, ಬಿಹಾರಗಳ ಹೊಲಗಳು ಹೀರಿಕೊಂಡದ್ದನ್ನು ಕಳೆದು ಉಳಿದದ್ದೇ ಫರಕ್ಕಾಕ್ಕೆ ಬರುವುದು ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಬ್ಯಾರೇಜ್ ಕಣ್ಣಿಗೆ ಕಾಣುತ್ತದೆ, ಸಾವಿರಾರು ಪಂಪುಗಳು ಕಾಣುವುದಿಲ್ಲ.

ಕಡತದಲ್ಲಿನ ತೊಡಕು

ಇಷ್ಟಾದರೆ ತೀರ್ಪು ಬರೆದುಬಿಡಬಹುದಿತ್ತು. ತೊಡಕೆಂದರೆ, ತುದಿ ಒಣಗುವ ಸುಂದರಿಯ ಉಲ್ಲೇಖ ಬ್ರಿಟಿಷ್ ಕಾಲದ ಅರಣ್ಯ ದಾಖಲೆಗಳಲ್ಲೇ ಇದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅರಣ್ಯಾಧಿಕಾರಿಗಳು ಇದನ್ನು ಕಂಡು ಬರೆದಿಟ್ಟಿದ್ದಾರೆ. 1970ರ ದಶಕದಿಂದೀಚೆಗೆ ಇದು ವ್ಯಾಪಕವಾಯಿತು ಎಂಬುದು ದಿಟ. ಆದರೂ ಫರಕ್ಕಾ ಹುಟ್ಟುವ ಮೊದಲೇ ಇದ್ದ ರೋಗಕ್ಕೆ ಫರಕ್ಕಾವನ್ನು ಏಕೈಕ ತಾಯಿ ಎನ್ನಲಾಗದು.

ಇನ್ನೊಂದು ತೊಡಕು ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಂಡದ್ದು. ಕಾಡಿನ ಮರಗಳ ಎರಡು ದೊಡ್ಡ ಗಣತಿಗಳು ನಡೆದವು, ಒಂದು 1959ರ ಸುಮಾರಿಗೆ, ಇನ್ನೊಂದು 1983ರ ಸುಮಾರಿಗೆ. ಆ ನಡುವೆ ನಿಂತ ಸುಂದರಿಯ ದಾಸ್ತಾನು 40 ಪ್ರತಿಶತ ಕುಸಿದಿತ್ತು. ಈ ಅಂಕಿಯನ್ನು ಫರಕ್ಕಾದ ಲೆಕ್ಕಕ್ಕೆ ಬರೆಯುವವರು ಪಕ್ಕದ ಅಂಕಿಯನ್ನು ಓದುವುದಿಲ್ಲ: ಅದೇ ಅವಧಿಯಲ್ಲಿ ಗೇವಾದ ದಾಸ್ತಾನು 45 ಪ್ರತಿಶತ ಕುಸಿಯಿತು. ಗೇವಾ ಉಪ್ಪಿಗೆ ಜಗ್ಗುವ ಮರವಲ್ಲ. ಉಪ್ಪು ಹೆಚ್ಚಾದರೆ ಸುಂದರಿ ಬಿಟ್ಟ ಜಾಗಕ್ಕೆ ಬಂದು ಕೂರುವುದೇ ಅದು. ಹಾಗಿದ್ದರೆ ಅದು ಸುಂದರಿಗಿಂತ ಹೆಚ್ಚು ಕುಸಿದದ್ದು ಹೇಗೆ?

ಉತ್ತರ ಖುಲ್ನಾದಲ್ಲಿದೆ. 1959ರಲ್ಲಿ ಅಲ್ಲಿ ಪತ್ರಿಕಾ ಕಾಗದದ ಕಾರ್ಖಾನೆ ಆರಂಭವಾಯಿತು, ಅದರ ಕಚ್ಚಾವಸ್ತು ಗೇವಾ. ಮೆದು ಮರ, ತಿರುಳು ಮಾಡಲು ಹೇಳಿ ಮಾಡಿಸಿದ್ದು. ಮೊದಲ ಗಣತಿಗೂ ಎರಡನೆಯ ಗಣತಿಗೂ ನಡುವೆ ಕಾಲು ಶತಮಾನ ಕೊಡಲಿ ಆಡಿತ್ತು, ಸುಂದರಿಯ ಮೇಲೂ ಗೇವಾದ ಮೇಲೂ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ತಿಳಿಯುವುದಿಷ್ಟು: ಆ 40 ಪ್ರತಿಶತದಲ್ಲಿ ಉಪ್ಪಿನ ಪಾಲು ಎಷ್ಟು, ಗರಗಸದ ಪಾಲು ಎಷ್ಟು ಎಂದು ಬಿಡಿಸಿ ಹೇಳುವ ಶಕ್ತಿ ಆ ಅಂಕಿಗೇ ಇಲ್ಲ. ಪದೇ ಪದೇ ಉಲ್ಲೇಖವಾಗುವ ಅಂಕಿ ಬಲವಾದ ಸಾಕ್ಷಿ ಎಂದೇನೂ ಅಲ್ಲ.

ಮೂರನೆಯ ಆರೋಪಿ ಹೂಳು. 1960ರ ದಶಕದಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಯಲ್ಲಿ ಭತ್ತದ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡುಗಳ ಸುತ್ತುಕೋಟೆ ಕಟ್ಟಲು ಶುರುಮಾಡಿದರು. ಪೋಲ್ಡರ್ ಎಂದು ಕರೆಯುವ ಇಂಥ 139 ಆವರಣಗಳಾದವು. ಕಾಡಿನ ಉತ್ತರದ ಅಂಚಿಗೇ ಹೊಂದಿಕೊಂಡು ಇವು ಸಾಲುಗಟ್ಟಿ ನಿಂತಿವೆ. ಮೊದಲು ಉಬ್ಬರದ ನೀರು ತಗ್ಗು ಬಯಲುಗಳ ಮೇಲೆ ಹರಡಿ, ಹೊತ್ತು ತಂದ ಮೆಕ್ಕಲನ್ನು ಅಲ್ಲೇ ಇಳಿಸಿ ಹೋಗುತ್ತಿತ್ತು. ಒಡ್ಡು ಬಂದ ಮೇಲೆ ಆ ಮೆಕ್ಕಲಿಗೆ ಇಳಿಯಲು ಜಾಗವಿಲ್ಲ. ಅದು ನದಿಯ ಪಾತ್ರದಲ್ಲಿ ಕೂತಿತು, ನದಿ ಮೇಲೆದ್ದಿತು. ಒಡ್ಡಿಲ್ಲದ ಕಾಡಿನ ನೆಲದ ಮೇಲೂ ಹೂಳು ಬಿದ್ದಿತು. ಇಲ್ಲಿ ಶುಲೋಗಳು ಸಾಕ್ಷಿಗೆ ಬರುತ್ತವೆ. ಗೂಟಗಳ ಸುತ್ತ ಹೂಳು ಏರಿದಂತೆ ಅವುಗಳ ಉಸಿರಿನ ರಂಧ್ರಗಳು ಹೂತುಹೋಗುತ್ತವೆ, ಕೆಸರಿನೊಳಗಿನ ಬೇರು ಸೊರಗುತ್ತದೆ. ಬೇರು ಸೊರಗಿದ ಮರವೂ ಮೊದಲು ಒಣಗುವುದು ನೆತ್ತಿಯಿಂದಲೇ. ನೆಲ ಎತ್ತರವಾದರೆ ಉಬ್ಬರದ ನೀರು ಅಲ್ಲಿಗೆ ಅಪರೂಪವಾಗಿ ಏರುತ್ತದೆ, ಬಂದದ್ದು ಆವಿಯಾಗಿ ಉಪ್ಪು ಉಳಿಯುತ್ತದೆ.

ಶಿಲೀಂಧ್ರ ಮತ್ತು ಕಾಂಡ ಕೊರೆಯುವ ಹುಳುಗಳ ಹೆಸರೂ ಪಟ್ಟಿಯಲ್ಲಿದೆ. ಒಣಗುತ್ತಿರುವ ಕೊಂಬೆಗಳಲ್ಲಿ ಗಂಟು ರೋಗ ತರುವ ಬಾಟ್ರಿಯೋಸ್ಫೇರಿಯಾ ಜಾತಿಯ ಶಿಲೀಂಧ್ರ ಸಿಕ್ಕಿದೆ. ಇದನ್ನು ನಾನು ಹೆಚ್ಚು ಎಳೆಯುವುದಿಲ್ಲ. ಸೊರಗಿದ ಮರಕ್ಕೆ ಶಿಲೀಂಧ್ರ ಬರುವುದು ಬಾಗಿಲು ತೆರೆದ ಮನೆಗೆ ಕಳ್ಳ ಬಂದಂತೆ. ಬಾಗಿಲು ತೆರೆದವರು ಯಾರು ಎಂಬುದು ಬೇರೆ ಪ್ರಶ್ನೆ.

ಇವನ್ನೆಲ್ಲ ತೂಗಿದಾಗ ನನ್ನ ನಿಲುವು ಹೀಗಿದೆ. ನದಿಯ ಪೂರ್ವಯಾನ ಈ ಮರವನ್ನು ಒಂದು ಮೂಲೆಗೆ ತಂದು ನಿಲ್ಲಿಸಿತ್ತು. ಒಡ್ಡುಗಳು ಅದರ ಉಸಿರುಬೇರಿನ ಸುತ್ತ ಹೂಳು ತುಂಬಿದವು. ಕೊಡಲಿ ದೊಡ್ಡ ಮರಗಳನ್ನು ಆರಿಸಿ ಕೊಂಡೊಯ್ದಿತು. ಈ ಸ್ಥಿತಿಯಲ್ಲಿದ್ದ ಮರಕ್ಕೆ 1975ರ ನಂತರ ಬೇಸಿಗೆಯ ನೀರೂ ತಪ್ಪಿತು. ಫರಕ್ಕಾ ಮೊದಲ ಹೊಡೆತವಲ್ಲದಿದ್ದರೂ, ಮನುಷ್ಯರು ಮನಸ್ಸು ಮಾಡಿದರೆ ಬೇಗ ಸಡಿಲಿಸಬಹುದಾದ ಹಿಡಿತ ಅದೊಂದೇ. ನದಿಯನ್ನು ಪಶ್ಚಿಮಕ್ಕೆ ಮರಳಿಸಲಾಗದು, ಒಡ್ಡಿನೊಳಗೆ ಊರುಗಳೇ ಇವೆ.

ಮಾಡಿದ ಮದ್ದು

1989ರಲ್ಲಿ ಬಾಂಗ್ಲಾದೇಶ ಸುಂದರಬನದಲ್ಲಿ ಮರ ಕಡಿಯುವುದಕ್ಕೆ ತಡೆ ಹಾಕಿತು. ಆದರೆ ತುದಿ ಒಣಗಿದ ಸುಂದರಿಗೆ ರಿಯಾಯಿತಿ ಇತ್ತು: ರೋಗದ ಮರ ಕಡಿದರೆ ಕಾಡು ಶುಚಿಯಾಗುತ್ತದೆ ಎಂಬ ತರ್ಕ. ಬೆಳೆಯ ಹೊಲದಲ್ಲಿ ಈ ತರ್ಕ ನಡೆಯಬಹುದು. ಆದರೆ ಇಲ್ಲಿ ರೋಗ ಮರದಿಂದ ಮರಕ್ಕೆ ಹರಡುವುದಕ್ಕಿಂತ ಮಣ್ಣಿನಿಂದ ಬರುತ್ತಿತ್ತು. ಕಡಿದಾಗ ಮೇಲ್ಚಾವಣಿ ತೆರೆದುಕೊಳ್ಳುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ, ಬಿಸಿಲು ಬಯಸುವ ಗೇವಾ ಎದ್ದು ನಿಲ್ಲುತ್ತದೆ. ಅರ್ಧ ಒಣಗಿದ ಸುಂದರಿಯೂ ಇನ್ನೂ ಹಲವು ವರ್ಷ ಕಾಯಿ ಬಿಡಬಲ್ಲದು ಎಂಬುದನ್ನು ಆ ರಿಯಾಯಿತಿ ಮರೆತಿತ್ತು. ಕಾಗದದ ಕಾರ್ಖಾನೆ 2002ರಲ್ಲಿ ಮುಚ್ಚಿತು. 1997ರಲ್ಲಿ ಕಾಡಿನ ಮೂರು ಅಭಯಾರಣ್ಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು; ಭಾರತದ ಕಡೆಯ ಭಾಗ 1987ರಲ್ಲೇ ಸೇರಿತ್ತು.

ನಿಜವಾದ ಮದ್ದು ನೀರು. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಗಂಗಾಜಲ ಒಪ್ಪಂದಕ್ಕೆ ಬಾಂಗ್ಲಾದೇಶದ ಪರ ಶೇಖ್ ಹಸೀನಾ, ಭಾರತದ ಪರ ಎಚ್.ಡಿ. ದೇವೇಗೌಡ ಸಹಿ ಹಾಕಿದರು. ಕಾವೇರಿಯ ಕ್ಯೂಸೆಕ್ ಲೆಕ್ಕದಲ್ಲೇ ರಾಜಕೀಯದ ಬಹುಪಾಲು ಕಳೆದ ಕನ್ನಡಿಗನೊಬ್ಬ ಗಂಗೆಯ ಕ್ಯೂಸೆಕ್ ಹಂಚಿದ್ದು ನಮ್ಮಲ್ಲಿ ಅಷ್ಟಾಗಿ ನೆನಪಾಗುವುದಿಲ್ಲ. ಸೂತ್ರ ಸರಳವಾಗಿದೆ: ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧರ್ಧ, 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ, ಅದಕ್ಕೂ ಮೇಲಿದ್ದರೆ ಭಾರತಕ್ಕೆ 40,000, ಮಿಕ್ಕಿದ್ದು ಬಾಂಗ್ಲಾದೇಶಕ್ಕೆ. ಲೆಕ್ಕ ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಕಂತಿನಲ್ಲಿ. ಹಂಚಿಕೆಯ ಕೋಷ್ಟಕದಲ್ಲಿ ಪಾಲುದಾರರ ಅಂಕಣ ಎರಡೇ. ಕಾಡಿಗೆಂದು ಮೂರನೆಯದಿಲ್ಲ; ಬಾಂಗ್ಲಾದೇಶಕ್ಕೆ ಬಂದ ನೀರಿನಲ್ಲಿ ಊರು, ಹೊಲ, ಕಾರ್ಖಾನೆಗಳು ಕುಡಿದು ಮಿಕ್ಕದ್ದೇ ಅದರ ಪಾಲು.

ಒಪ್ಪಂದದ ಬೆನ್ನಿಗೇ ಗೊರಾಯ್‌ನ ಬಾಯಿಯ ಹೂಳೆತ್ತುವ ಕೆಲಸ ನಡೆಯಿತು, ಬೇಸಿಗೆಯಲ್ಲೂ ನೀರು ಹರಿಯಿತು. ಹೂಳೆತ್ತಿದ ಬಾಯಿಯನ್ನು ಮಳೆಗಾಲ ಮತ್ತೆ ತುಂಬಿಸುತ್ತದೆ. ಮತ್ತೆ ಎತ್ತಬೇಕು. ಕೈಬಿಟ್ಟ ವರ್ಷ ಉಪ್ಪು ಮರಳುತ್ತದೆ. ಇದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಚಿಕಿತ್ಸೆಯಲ್ಲ, ದಿನನಿತ್ಯ ಗುಳಿಗೆ ನುಂಗಬೇಕಾದ ಕಾಯಿಲೆ.

ಈ ನಡುವೆ 2007ರ ನವೆಂಬರ್ 15ರಂದು ಸಿಡ್ರ್ ಚಂಡಮಾರುತ ಬಂದು ಅಪ್ಪಳಿಸಿದ್ದು ಪೂರ್ವದ ಅಂಚಿಗೆ, ಅಂದರೆ ಸುಂದರಿ ಚೆನ್ನಾಗಿ ಉಳಿದಿದ್ದ ಜಾಗಕ್ಕೇ. ಬಿರುಗಾಳಿ ಕೆಡವಿದ ಕಾಡು ಮತ್ತೆ ಚಿಗುರುತ್ತದೆ. ಚಿಗುರುವಾಗ ಯಾವ ಮರ ಮೊದಲು ಬರುತ್ತದೆ ಎಂಬುದನ್ನು ಮಾತ್ರ ಮಣ್ಣಿನ ಉಪ್ಪು ನಿರ್ಧರಿಸುತ್ತದೆ.

ಸುಂದರಿಯ ಕಾಯಿ ಮಳೆಗಾಲದಲ್ಲಿ ಉದುರುತ್ತದೆ. ಗಟ್ಟಿ ಕರಟದ ಬೆನ್ನಿಗೆ ದೋಣಿಯ ತಳದಂತೆ ಒಂದು ಏಣು ಇರುತ್ತದೆ, ನೀರಿನಲ್ಲಿ ತೇಲುತ್ತಾ ಹೋಗಿ ಉಬ್ಬರ ಬಿಟ್ಟುಹೋದಲ್ಲಿ ನೆಲ ಕಚ್ಚುತ್ತದೆ. ಬೇರೆ ಹಲವು ಕಾಂಡ್ಲಾಗಳಂತೆ ತಾಯಿಮರದ ಮೇಲೆಯೇ ಮೊಳೆತು ಸಿದ್ಧವಾಗಿ ಬೀಳುವ ಅನುಕೂಲ ಇದಕ್ಕಿಲ್ಲ. ಕೆಸರಿಗೆ ಬಿದ್ದ ಮೇಲೆಯೇ ಬೇರು ಬಿಡಬೇಕು. ಆ ತಿಂಗಳುಗಳಲ್ಲಿ ನದಿಯೆಲ್ಲ ಸಿಹಿಯಾಗಿರುತ್ತದೆ, ಸಸಿ ಮೇಲೇಳುತ್ತದೆ. ಅದರ ಮೊದಲ ಪರೀಕ್ಷೆ ಮುಂದಿನ ಮಾರ್ಚ್‌ನಿಂದ ಮೇವರೆಗೆ. ಒಪ್ಪಂದದಲ್ಲೂ ಅತಿ ಬಿಗಿಯಾದ ಅವಧಿ ಅದೇ: ಮಾರ್ಚ್ 11ರಿಂದ ಮೇ 10ರವರೆಗೆ ಒಂದು ಬಿಟ್ಟು ಒಂದು ಹತ್ತು ದಿನ ಒಂದೊಂದು ದೇಶಕ್ಕೆ 35,000 ಕ್ಯೂಸೆಕ್ ಖಾತರಿ. ಮೂವತ್ತು ವರ್ಷಕ್ಕೆಂದು ಬರೆದ ಆ ಒಪ್ಪಂದದ ಅವಧಿ 2026ರ ಡಿಸೆಂಬರ್‌ಗೆ ತೀರುತ್ತದೆ. ಆ ವರ್ಷದ ಮಳೆಗಾಲದಲ್ಲಿ ಉದುರಿದ ಕಾಯಿಗಳ ಸಸಿಗಳಿಗೆ ಆಗ ಇನ್ನೂ ಎರಡು ಮೂರು ಎಲೆ.